ಮೇಸ್ತ್ರಿ ಮನೆಯ ಗ್ಯಾರೇಜು ಬಾಗಿಲು

ಬೆಳಗಿನ ಆರೂಕಾಲಿಗೆ ಆ ಬೀದಿಯಲ್ಲಿ ಅಲಾರಾಂಗಳಿಗೆ ಕೆಲಸವಿರಲಿಲ್ಲ. ಮೇಸ್ತ್ರಿ ಮನೆಯ ಗ್ಯಾರೇಜು ಬಾಗಿಲು ಆ ಹೊತ್ತಿಗೆ ಮೇಲೇಳುತ್ತಿತ್ತು. ಗೋಡೆಯ ಸ್ವಿಚ್ಚು ಒತ್ತಿದರೆ ಚಾವಣಿಗೆ ತೂಗುಹಾಕಿದ ಮೋಟಾರು ಪೆಟ್ಟಿಗೆ ಒಮ್ಮೆ ಗುರುಗುಟ್ಟಿ, ಸರಪಳಿಯನ್ನು ಎಳೆಯತೊಡಗಿ, ಆಮೇಲೆ ಒಂದು ಕೀರಲು ಸದ್ದು ಹೊರಡಿಸುತ್ತಿತ್ತು. ಸೀಮೆಸುಣ್ಣವನ್ನು ಕರಿಹಲಗೆಯ ಮೇಲೆ ಓರೆಯಾಗಿ ಎಳೆದರೆ ಹಲ್ಲು ಜುಮ್ಮೆನ್ನುತ್ತದಲ್ಲ, ಅಂಥದು. ಬಾಗಿಲು ಪೂರ್ತಿ ಮೇಲೆ ಹೋಗಲು ಹದಿನಾಲ್ಕು ಸೆಕೆಂಡು. ಅಷ್ಟರಲ್ಲಿ ಎಡಬಲದ ಮನೆಗಳಲ್ಲಿ ದೀಪ ಹೊತ್ತಿಕೊಳ್ಳುತ್ತಿದ್ದವು. ರಾತ್ರಿಪಾಳಿ ಮುಗಿಸಿ ಬಂದು ಆಗಷ್ಟೇ ದಿಂಬಿಗೆ ತಲೆಯಿಟ್ಟ ಎದುರುಮನೆಯ ನರ್ಸು ಎದ್ದು ಕಿಟಕಿ ಮುಚ್ಚುತ್ತಿದ್ದಳು.

ಆ ಮನೆಯಲ್ಲಿ ನಾಲ್ವರು. ಬೀದಿಯವರೆಲ್ಲ ಮೇಸ್ತ್ರಿ ಎಂದು ಕರೆಯುವ ಯಜಮಾನ, ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ದುಡಿದವನು. ಅವನ ಹೆಂಡತಿ, ಶಾಲೆಯ ಮಕ್ಕಳ ವ್ಯಾನು ಓಡಿಸುವವಳು. ಆರೂಕಾಲಿಗೆ ಬಾಗಿಲು ತೆಗೆಯಬೇಕಾದದ್ದೇ ಆ ವ್ಯಾನಿಗಾಗಿ. ಮಗಳು, ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿ ನಿಂತು, ಮೊಳೆ ಕೇಳಲು ಬಂದವನಿಗೆ ಸುತ್ತಿಗೆಯನ್ನೂ ಮಾರಿ ಕಳಿಸುವ ಚುರುಕಿನವಳು. ನಾಲ್ಕನೆಯವಳು ಮೇಸ್ತ್ರಿಯ ತಾಯಿ, ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಮಲಗುವ ಅಜ್ಜಿ.

ಬಾಗಿಲಿನ ಬಗ್ಗೆ ದೂರು ಹೇಳದವರು ಈ ನಾಲ್ವರಲ್ಲಿ ಇಬ್ಬರು. ಅಜ್ಜಿ ಹೇಳುತ್ತಿರಲಿಲ್ಲ, ಯಾಕೆಂದರೆ ಅವಳಿಗೆ ಆ ಸದ್ದು ಕೇಳುತ್ತಲೇ ಇರಲಿಲ್ಲ. ಬಟ್ಟೆ ಗಿರಣಿಯ ಮಗ್ಗಗಳ ನಡುವೆ ಇಪ್ಪತ್ತಾರು ವರ್ಷ ನಿಂತು ಬಂದವಳ ಕಿವಿಯಲ್ಲಿ ಇನ್ನೇನು ಉಳಿದಿರುತ್ತದೆ? ಮಂಚದ ಕಾಲು ನಡುಗಿದಾಗ ಸೊಸೆ ಹೊರಟಳು ಎಂದು ತಿಳಿದುಕೊಂಡು ಮಗ್ಗುಲು ಬದಲಿಸುತ್ತಿದ್ದಳು, ಅಷ್ಟೆ. ಮೇಸ್ತ್ರಿಯೂ ಹೇಳುತ್ತಿರಲಿಲ್ಲ, ಯಾಕೆಂದರೆ ಇಪ್ಪತ್ತೆರಡು ವರ್ಷದ ಹಿಂದೆ ಆ ಯಂತ್ರವನ್ನು ಚಾವಣಿಗೆ ಬಿಗಿದವನೇ ಅವನು. ಮನೆಯವರು ನಂಬಿದ್ದ ಕಾರಣ ಅದು.

ಅವನು ದಿನಾ ಆ ಹೊತ್ತಿಗೆ ಟೀ ಲೋಟ ಹಿಡಿದು ಗ್ಯಾರೇಜಿಗೆ ಬರುತ್ತಿದ್ದ. ಬಾಗಿಲು ಮೇಲೇಳುವುದನ್ನು ನೋಡುವುದು ಅವನಿಗೆ ಇಷ್ಟ. ಮೊದಲು ನೆಲದ ಅಂಚಿನಲ್ಲಿ ಬೆಳಕಿನ ಒಂದು ಗೆರೆ. ಆ ಗೆರೆ ಅಗಲವಾಗುತ್ತ ವ್ಯಾನಿನ ಚಕ್ರಕ್ಕೆ ಬರುತ್ತಿತ್ತು, ಆಮೇಲೆ ಅವನ ಚಪ್ಪಲಿಗೆ, ಮೊಣಕಾಲಿಗೆ, ಕೈಯಲ್ಲಿದ್ದ ಲೋಟಕ್ಕೆ. ಹೊರಗಿನ ಮಂಜು ಸ್ವಲ್ಪ ಒಳಗೆ ಬಂದು ಟೀಯ ಹಬೆಯ ಜೊತೆ ಸೇರಿಕೊಳ್ಳುತ್ತಿತ್ತು. ಆ ಹದಿನಾಲ್ಕು ಸೆಕೆಂಡು ಅವನು ಇನ್ನೂ ನಿದ್ದೆಯಿಂದ ಪೂರ್ತಿ ಏಳದವನ ಹಾಗೆ ನಿಂತಿರುತ್ತಿದ್ದ. ಹೆಂಡತಿ ಎರಡೂ ಕಿವಿಗೆ ಬೆರಳು ತುರುಕಿಕೊಂಡು ಅವನನ್ನು ನೋಡಿ, ಇವರಿಗೆ ತಾವು ಹಾಕಿದ ಮಿಷನ್ನಿನ ಮೇಲಿನ ಮೋಹ ಇನ್ನೂ ಇಳಿದಿಲ್ಲ ಎಂದುಕೊಂಡು ವ್ಯಾನು ಹತ್ತುತ್ತಿದ್ದಳು.

ಆ ಕೀರಲು ಶುರುವಾಗಿ ಮೂರು ವಾರವಾದ ಮೇಲೆ ನರ್ಸು ಒಂದು ಸಂಜೆ ಮನೆಗೇ ಬಂದಳು. ಜಗಳಕ್ಕೆ ಬರಲಿಲ್ಲ, ಅದೇ ಕಷ್ಟವಾದದ್ದು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಬಾಗಿಲಲ್ಲೇ ನಿಂತು, ತನಗೆ ಎರಡು ಗಂಟೆ ನಿದ್ದೆಯಾದರೂ ಸಾಕು, ಏನಾದರೂ ಮಾಡಲಾದೀತೇ ಎಂದು ಕೇಳಿ ಹೋದಳು. ಹೆಂಡತಿಗೆ ನಾಚಿಕೆಯಾಯಿತು. ಊಟಕ್ಕೆ ಕೂತಾಗ ಅವಳು ಅನ್ನದ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಮೇಜಿನ ಮೇಲಿಟ್ಟಳು.

"ಬೇರೆಯವರ ಲಿಫ್ಟ್ ಆದರೆ ಊಟ ಬಿಟ್ಟು ಓಡ್ತೀರ. ನಮ್ಮ ಬಾಗಿಲು ಬೀದಿಗೆಲ್ಲ ಕೇಳೋ ಹಾಗೆ ಅರಚ್ತಾ ಇದೆ."

"ಹಳೇ ಮಿಷನ್ನು ಅಂದ್ಮೇಲೆ ಒಂಚೂರು ಸದ್ದು ಇರುತ್ತೆ ಕಣೇ," ಎಂದ ಮೇಸ್ತ್ರಿ. "ನಿನ್ನ ವ್ಯಾನಿಗಿಲ್ವಾ?"

ಒಂಚೂರು ಎಂಬ ಮಾತಿಗೆ ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಮಗಳು ಅಂಗಡಿಯಿಂದ ತಂದಿದ್ದ ಕಾಗದವನ್ನು ಬಟಾಣಿ ಬಟ್ಟಲಿಗೆ ಒರಗಿಸಿ ನಿಲ್ಲಿಸಿದಳು. ಹೊಸ ಓಪನರಿನ, ಅಂದರೆ ಬಾಗಿಲೆತ್ತುವ ಯಂತ್ರದ ಚಿತ್ರ: ಸರಪಳಿಯ ಬದಲು ರಬ್ಬರ್ ಬೆಲ್ಟು, ಪಿಸುಮಾತಿಗಿಂತ ಮೆಲ್ಲಗೆ ಓಡುತ್ತದೆ ಎಂಬ ಹೊಗಳಿಕೆ. ತನಗೆ ಅಂಗಡಿಯಲ್ಲಿ ರಿಯಾಯಿತಿ ಸಿಗುತ್ತದೆ, ಹಾಕುವುದಕ್ಕೆ ಅವರೇ ಜನ ಕಳಿಸುತ್ತಾರೆ ಎಂದಳು. ಆ ಕೊನೆಯ ಮಾತು ಮೇಸ್ತ್ರಿಗೆ ತಗುಲಬೇಕಾದ ಕಡೆ ತಗುಲಿತು. ಹನ್ನೆರಡು ಅಂತಸ್ತಿನ ಕಟ್ಟಡದಲ್ಲಿ ಎಲ್ಲಿಯ ಬೇರಿಂಗು ಸವೆದಿದೆ ಎಂದು ಕಬ್ಬಿಣಕ್ಕೆ ಮರದ ಕೋಲು ಆನಿಸಿ, ಅದರ ಇನ್ನೊಂದು ತುದಿಗೆ ಕಿವಿಯಿಟ್ಟು ಹೇಳುವವನು ಅವನು. ಅವನ ಮನೆ ಬಾಗಿಲಿಗೆ ಹೊರಗಿನವರು ಬಂದು ಏಣಿ ಹತ್ತುವುದೆಂದರೆ, ಬಾಣಸಿಗನ ಮನೆಗೆ ಹೋಟೆಲಿನಿಂದ ಊಟ ತರಿಸಿದ ಹಾಗೆ.

ಆ ಮನೆಯಲ್ಲಿ ಮಾತು ನಡೆಯುವ ರೀತಿಯನ್ನು ಇಲ್ಲಿ ಹೇಳಬೇಕು. ಅಲ್ಲಿ ಯಾರೂ ಬೆನ್ನು ತಿರುಗಿಸಿಕೊಂಡು ಮಾತಾಡುತ್ತಿರಲಿಲ್ಲ. ಗಿರಣಿಯ ಸದ್ದಿನಲ್ಲಿ ಕೂಗಿದರೂ ಕೇಳದು, ಹಾಗಾಗಿ ಅಲ್ಲಿಯ ಹೆಂಗಸರು ಬಾಯಿಯ ಆಕಾರ ನೋಡಿಯೇ ಮಾತು ತಿಳಿಯುತ್ತಿದ್ದರು. ಮಗ್ಗದಿಂದ ಮಗ್ಗಕ್ಕೆ, ಒಂದು ಸದ್ದೂ ಹೊರಡದೆ, ಮದುವೆ ಬಾಣಂತನದ ಸುದ್ದಿಯೆಲ್ಲ ಓಡಾಡುತ್ತಿತ್ತು. ಅಜ್ಜಿ ಆ ಅಭ್ಯಾಸವನ್ನು ಮನೆಗೂ ತಂದಳು. ಮಾತಾಡುವುದಾದರೆ ಮುಖ ಕೊಟ್ಟು ಮಾತಾಡು, ಅಕ್ಷರ ನುಂಗಬೇಡ, ಬಾಯಿಗೆ ಕೈ ಅಡ್ಡ ಇಡಬೇಡ. ಸೊಸೆ ಬಂದ ಹೊಸತರಲ್ಲಿ ಒಲೆಯ ಕಡೆ ತಿರುಗಿ ಉತ್ತರ ಕೊಟ್ಟು ಬೈಸಿಕೊಂಡಿದ್ದಳು. ಈಗ ಆ ಮನೆಯ ಮಾತು ಹೊರಗಿನವರಿಗೆ ನಾಟಕದವರ ಮಾತಿನ ಹಾಗೆ ಕಾಣುತ್ತಿತ್ತು. ಮನೆಯವರಿಗೆ ಅದು ಅಜ್ಜಿಗಾಗಿ ಮಾಡುವ ಉಪಕಾರ.

ಅಂತೂ ಒಪ್ಪಂದವಾಯಿತು. ಮೇಸ್ತ್ರಿಗೆ ಒಂದು ಭಾನುವಾರ ಕೊಡುವುದು. ರಿಪೇರಿಯಾಗಿ ಸದ್ದು ನಿಂತರೆ ಹಳೆಯದೇ ಇರಲಿ, ನಿಲ್ಲದಿದ್ದರೆ ಹೊಸದು. ಮಗಳು ವ್ಯಾನಿನ ಮಾಡಿನ ಮೇಲೆ ಬಿದ್ದಿದ್ದ ಬಿಳಿ ಪುಡಿಯನ್ನು ಬೆರಳಿನಲ್ಲಿ ತೆಗೆದು ತೋರಿಸಿದ್ದಳು; ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಸವೆದು ಉದುರುತ್ತಿತ್ತು. ಹೊಸ ಚಕ್ರವನ್ನು ಅವಳೇ ಅಂಗಡಿಯಿಂದ ತಂದುಕೊಟ್ಟಳು.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಹಳೆಯ ಬೆಡ್‌ಶೀಟು ಹಾಸಿ, ಏಣಿ ಹತ್ತಿ, ಪೆಟ್ಟಿಗೆ ಬಿಚ್ಚಿದ. ಅಜ್ಜಿ ಬಟಾಣಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಳು. ಬಿಳಿ ಪುಡಿ ಬಿಸಿಲಿನಲ್ಲಿ ನಿಧಾನವಾಗಿ ಇಳಿಯುತ್ತಿತ್ತು, ನೆಲ ಮುಟ್ಟಲು ಮನಸ್ಸಿಲ್ಲದ ಹಾಗೆ. ಗಿರಣಿಯಲ್ಲೂ ಹೀಗೇ ಹತ್ತಿ ಎಳೆ ಹಾರಾಡುತ್ತಿತ್ತು, ಸಂಜೆ ಹೊರಗೆ ಬಂದರೆ ಎಲ್ಲರ ತಲೆಯೂ ನೆರೆತಿರುತ್ತಿತ್ತು ಎಂದು ಅಜ್ಜಿ ಯಾರಿಗೋ ಎಂಬಂತೆ ಹೇಳಿಕೊಂಡಳು. ಮೇಸ್ತ್ರಿಯ ಕೈಗಳು ಕೆಲಸದಲ್ಲಿ ಚಂದ. ತಿರುಪನ್ನು ಕೊನೆಯ ಸುತ್ತಿನಲ್ಲಿ ಅವನು ಎರಡು ಬೆರಳಿನಿಂದ ಬಿಡಿಸಿಕೊಳ್ಳುವ ರೀತಿ ನೋಡಿದರೆ, ಅದು ತಾನಾಗಿ ಬಂದು ಅವನ ಕೈ ಸೇರಿತೇನೋ ಅನ್ನಿಸುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಮುಗಿಸಿದ. ಎಲ್ಲರನ್ನೂ ಕರೆದು ನಿಲ್ಲಿಸಿ ಸ್ವಿಚ್ಚು ಒತ್ತಿದ.

ಎಳೆದಾಟ ನಿಂತಿತ್ತು, ಬಾಗಿಲು ಜೋಲಿ ಹೊಡೆಯದೆ ಏಳುತ್ತಿತ್ತು. ಕೀರಲು ಮಾತ್ರ ಹಾಗೇ ಇತ್ತು. ಹಲ್ಲುಚಕ್ರದ ಗುರುಗುರು ಹೋದ ಮೇಲೆ ಇನ್ನಷ್ಟು ಸ್ಪಷ್ಟವಾಗಿ, ಸೂಜಿಯ ಹಾಗೆ ಕಿವಿಗೆ ಇಳಿಯಿತು. ಹೆಂಡತಿ ಮುಖ ಕಿವುಚಿದಳು. ಮಗಳು ಭುಜ ಎತ್ತಿ ಕಿವಿ ಮುಚ್ಚಿಕೊಂಡಳು. ಮೇಸ್ತ್ರಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಗೆದ್ದವನ ನಗು ನಕ್ಕ.

"ನೋಡಿದ್ರಾ? ಬೆಣ್ಣೆ ಹಾಗೆ ಹೋಗ್ತಿದೆ."

ಹೆಂಡತಿಗೆ ರೇಗಿತು. ತಮ್ಮನ್ನೆಲ್ಲ ಹುಚ್ಚರನ್ನಾಗಿ ಮಾಡುತ್ತಿದ್ದಾರೆಯೇ, ಇಷ್ಟು ಹಟ ಬೇಕೇ, ಸೋತೆ ಎಂದರೆ ಯಾರಾದರೂ ತಲೆ ತೆಗೆಯುತ್ತಾರೆಯೇ ಎಂದಳು. ಮೇಸ್ತ್ರಿಗೂ ರೇಗಿತು. ಹೊಸದು ಬೇಕು ಎಂದು ತಾಯಿ ಮಗಳು ಮೊದಲೇ ತೀರ್ಮಾನಿಸಿಕೊಂಡು ಆಟ ಆಡುತ್ತಿದ್ದೀರಿ ಎಂದ. ಮೂಲೆಯಲ್ಲಿ ಅಜ್ಜಿ ಬಟಾಣಿ ಸುಲಿಯುವುದನ್ನು ನಿಲ್ಲಿಸಿದ್ದಳು. ಅವಳಿಗೆ ಕೀರಲೂ ಕೇಳಿರಲಿಲ್ಲ, ಜಗಳವೂ ಅರ್ಧಂಬರ್ಧ. ಆದರೆ ಅವಳು ಮುಖಗಳನ್ನು ನೋಡುತ್ತಿದ್ದಳು. ಎರಡು ಮುಖ ಒಟ್ಟಿಗೇ ಕಿವುಚಿದ್ದವು. ಮಗನ ಮುಖ ಅಲುಗಿರಲಿಲ್ಲ.

ಮರುದಿನದಿಂದ ಸೊಸೆ ಸ್ವಿಚ್ಚು ಮುಟ್ಟಲಿಲ್ಲ. ಮೋಟಾರಿನಿಂದ ಬಾಗಿಲನ್ನು ಬಿಡಿಸುವ ಕೆಂಪು ಹಗ್ಗ ಜಗ್ಗಿ, ಬಗ್ಗಿ, ಎರಡೂ ಕೈಯಿಂದ ಬಾಗಿಲನ್ನು ಎತ್ತಿ ವ್ಯಾನು ತೆಗೆದಳು. ನರ್ಸಿಗೆ ನಿದ್ದೆ ಸಿಕ್ಕಿತು. ಸೊಸೆಗೆ ಬುಧವಾರದ ಹೊತ್ತಿಗೆ ಭುಜ ಹಿಡಿದುಕೊಂಡಿತು. ಮೇಸ್ತ್ರಿ ನೋವಿನ ಎಣ್ಣೆ ತಂದು ಮೇಜಿನ ಮೇಲಿಟ್ಟು ಕೆಲಸಕ್ಕೆ ಹೋದ. ಅವಳು ಹಚ್ಚಿಕೊಳ್ಳಲಿಲ್ಲ. ಮಗಳು ಇಬ್ಬರ ತಟ್ಟೆಗೂ ಮೊಟ್ಟೆ ಬಡಿಸಿ, ಉಪ್ಪು ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ದಾಟಿಸುವ ರಾಯಭಾರಿಯಾದಳು.

ಎರಡನೆಯ ಭಾನುವಾರ ಮೇಸ್ತ್ರಿ ಮತ್ತೆ ಏಣಿ ಹತ್ತಿದ. ಈ ಸಲ ಯಾರನ್ನೂ ಕರೆಯಲಿಲ್ಲ. ಅಜ್ಜಿ ಮಾತ್ರ ತಾನಾಗಿ ಬಂದು ಕುರ್ಚಿಯಲ್ಲಿ ಕೂತಳು. ಮಗಳು ಟೀ ತಂದವಳು ಅಡುಗೆಮನೆಯಿಂದ ಗ್ಯಾರೇಜಿಗೆ ಇಳಿಯುವ ಮೆಟ್ಟಿಲ ಮೇಲೆ ನಿಂತಳು, ಯಾಕೆಂದರೆ ಅಜ್ಜಿ ಅವಳಿಗೆ ಅಲ್ಲೇ ನಿಲ್ಲು ಎಂದು ಬೆರಳು ತೋರಿಸಿದ್ದಳು.

ಹೊರಗೆ ಮೋಡ ಕವಿದಿತ್ತು. ಒಳಗೆ ಏಣಿಯ ಮೇಲಿನ ಬಲ್ಬಿನದೊಂದೇ ಬೆಳಕು. ಅಜ್ಜಿ ಮಗನನ್ನು ಕೈ ಬೀಸಿ ಕರೆದಳು. ಅವನು ತಿರುಗಿ ನೋಡಿದ. ಅಜ್ಜಿಯ ತುಟಿಗಳು ಆಡಿದವು, ಗಿರಣಿಯ ದಿನಗಳಲ್ಲಿ ಆಡುತ್ತಿದ್ದ ಹಾಗೆ, ಅಗಲವಾಗಿ, ನಿಧಾನವಾಗಿ. ಮಗಳಿಗೆ ಮೆಟ್ಟಿಲ ಮೇಲೆ ಏನೂ ಕೇಳಲಿಲ್ಲ. ಅಜ್ಜಿಯ ಗಂಟಲಿನಿಂದ ಉಸಿರಿನಷ್ಟೂ ಸದ್ದು ಬಂದಿರಲಿಲ್ಲ.

"ಬೇಡಮ್ಮ, ಸಕ್ಕರೆ ಸರಿಯಾಗಿರುತ್ತೆ ಬಿಡು," ಎಂದ ಮೇಸ್ತ್ರಿ ಮಾಮೂಲಿ ದನಿಯಲ್ಲಿ.

ತುಟಿಗಳು ಮತ್ತೆ ಆಡಿದವು.

"ಇವತ್ತೇ ಮುಗಿಸ್ತೀನಿ. ಅವಳ ಭುಜ ನೋಡಕ್ಕಾಗ್ತಿಲ್ಲ ನನಗೆ."

ಆಮೇಲೆ ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ತನ್ನ ಒಡಕು ದನಿ ಎಷ್ಟು ಏರುತ್ತದೋ ಅಷ್ಟು ಏರಿಸಿ ಅವನ ಹೆಸರು ಕೂಗಿದಳು. ಮೇಸ್ತ್ರಿ ಆಗಲೇ ಪೆಟ್ಟಿಗೆಯ ಕಡೆ ತಿರುಗಿದ್ದ. ತಿರುಪಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು ನಿಧಾನವಾಗಿ ತಿರುಗಿಸುತ್ತಲೇ ಇದ್ದ. ಅಜ್ಜಿ ಇನ್ನೊಂದು ಸಲ ಕೂಗಲಿಲ್ಲ. ಮಗಳು ಟೀಯನ್ನು ಮೆಟ್ಟಿಲ ಮೇಲೇ ಇಟ್ಟು ಅಡುಗೆಮನೆಗೆ ಓಡಿದಳು.

ಅಡುಗೆಮನೆಯಲ್ಲಿ ವಿಷಯ ಕೇಳಿದ ಹೆಂಡತಿ ಮೊದಲು ನಕ್ಕಳು. ಕಿವುಡನ ಜೊತೆ ಸಂಸಾರ ಮಾಡುವವಳಿಗೆ ಗೊತ್ತಾಗುವುದಿಲ್ಲವೇ ಎಂದಳು. ಹೇಳುತ್ತ ಹೇಳುತ್ತ ಅವಳ ನಗು ಸೋರಿಹೋಯಿತು. ದೀಪ ಆರಿಸಿದ ಮೇಲೆ ಅವನು ಅವಳ ಮಾತಿಗೆ ಉತ್ತರ ಕೊಡುವುದನ್ನು ನಿಲ್ಲಿಸಿ ಎಷ್ಟು ದಿನವಾಯಿತು? ಒಂದು ವರ್ಷ? ಎರಡು? ಬಚ್ಚಲಿನಿಂದ ಕರೆದರೆ ಓ ಎನ್ನುತ್ತಿರಲಿಲ್ಲ. ಅವಳು ಅದಕ್ಕೆಲ್ಲ ಬೇರೆ ಕಾರಣ ಕಟ್ಟಿಕೊಂಡಿದ್ದಳು: ವಯಸ್ಸಾಯಿತು, ನಾನು ಬೇಸರವಾದೆ, ಇರಲಿ ಎಂದುಕೊಂಡಿದ್ದಳು. ಕತ್ತಲೆಯಲ್ಲಿ ಅವಳ ಬಾಯಿ ಅವನಿಗೆ ಕಾಣುವುದು ಹೇಗೆ? ಅವಳಿಗೆ ದುಃಖ ಬಂತು, ಅದರ ಹಿಂದೆಯೇ ದೊಡ್ಡ ಸಮಾಧಾನ ಬಂತು, ಆಮೇಲೆ ಇಷ್ಟು ದಿನ ಮುಚ್ಚಿಟ್ಟನಲ್ಲ ಎಂದು ಕಡುಸಿಟ್ಟು ಬಂತು. ಮೂರನ್ನೂ ಒಟ್ಟಿಗೆ ನುಂಗಿ ಅವಳು ಅನ್ನಕ್ಕೆ ನೀರಿಟ್ಟಳು.

"ನಿಮಗೆ ಹ್ಯಾಗೆ ಗೊತ್ತಾಯ್ತು ಅತ್ತೆ?"

"ಬಾಯಿ ನೋಡೋ ಕಣ್ಣು ನನ್ನವೇ ಅಲ್ವೇನೇ," ಎಂದಳು ಅಜ್ಜಿ. "ನನಗೋಸ್ಕರ ನೀವೆಲ್ಲ ಮುಖ ಕೊಟ್ಟು ಮಾತಾಡ್ತಿದ್ರಿ. ಅದರ ಮರೆಯಲ್ಲಿ ಅವನು ಕೂತುಬಿಟ್ಟಿದ್ದ."

ಊಟದ ಮೇಜಿನಲ್ಲಿ ಅಜ್ಜಿಯೇ ಮಾತು ಎತ್ತಿದಳು. ಮೇಸ್ತ್ರಿ ಇಲ್ಲವೆಂದ, ನೆಗಡಿ ಎಂದ, ಏಣಿಯ ಮೇಲೆ ಗಮನ ಬೇರೆ ಕಡೆ ಇತ್ತು ಎಂದ. ಮೂವರು ಹೆಂಗಸರೂ ಅವನನ್ನೇ ನೋಡುತ್ತಿದ್ದರು. ಅವನು ಬ್ರೆಡ್ಡಿನ ತುಣುಕೊಂದನ್ನು ತೆಗೆದುಕೊಂಡು ಸಣ್ಣ ಸಣ್ಣ ಉಂಡೆ ಮಾಡಿ ಸಾಲಾಗಿ ಇಡತೊಡಗಿದ. ದಪ್ಪ ಸದ್ದುಗಳು ಕೇಳುತ್ತವೆ, ಸಣ್ಣವು ಮಾತ್ರ ಹೋಗಿವೆ ಎಂದು ಕೊನೆಗೆ ಒಪ್ಪಿಕೊಂಡ. ಲಿಫ್ಟಿನ ಮೋಟಾರು ಕೋಣೆಗಳಲ್ಲಿ ಅಷ್ಟು ವರ್ಷ ಕಳೆದರೆ ಯಾರಿಗಾದರೂ ಆಗುವುದೇ ಎಂದ. ಮರದ ಕೋಲನ್ನು ಈಗ ಕಿವಿಗಲ್ಲ, ಹಲ್ಲಿಗೆ ಕಚ್ಚಿ ಹಿಡಿಯುತ್ತಾನೆ. ಬೇರಿಂಗಿನ ನಡುಕ ದವಡೆಗೆ ಗೊತ್ತಾಗುತ್ತದೆ. ಕೆಲಸ ನಡೆಯುತ್ತಿದೆ. ಇನ್ನು ಆರು ವರ್ಷ ನಡೆದರೆ ಪಿಂಚಣಿ.

ಆಗ ಮಗಳು ಕೇಳಿದಳು. "ಅಪ್ಪ, ದಪ್ಪಣ್ಣ ಮಾಮ ಕೆಳಗಿಂದ ಕೂಗಿದ್ರೆ ಏನ್ ಮಾಡ್ತೀಯ?"

ದಪ್ಪಣ್ಣ ಎಂದರೆ ಮೇಸ್ತ್ರಿಯ ಕೆಲಸದ ಜೋಡಿ. ಒಣಗಿದ ಕಡ್ಡಿಯಂಥ ಆಳು, ಅದಕ್ಕೇ ಕಂಪನಿಯವರು ಆ ಹೆಸರಿಟ್ಟಿದ್ದರು. ಸಣಕಲಾದ್ದರಿಂದ ಲಿಫ್ಟಿನ ಕೆಳಗಿನ ಇಕ್ಕಟ್ಟಿನ ಗುಂಡಿಗೆ ಇಳಿಯುವ ಕೆಲಸ ಯಾವತ್ತೂ ಅವನದೇ. ಮೇಸ್ತ್ರಿ ಮೇಲಿನ ಮೋಟಾರು ಕೋಣೆಯಲ್ಲಿ. ಕೆಳಗಿನವನು ಇಳಿಸು ಎಂದರೆ ಇಳಿಸಬೇಕು, ನಿಲ್ಲಿಸು ಎಂದರೆ ನಿಲ್ಲಿಸಬೇಕು. ಆ ಆಳದಲ್ಲಿ ಫೋನು ಹಿಡಿಯುವುದಿಲ್ಲ. ಇಬ್ಬರ ನಡುವೆ ಇರುವುದು ಹದಿನೆಂಟು ವರ್ಷದ ಜೋಡಿ, ಮತ್ತು ಒಂದು ಕೂಗು.

ಮೇಸ್ತ್ರಿ ಉಂಡೆಗಳನ್ನು ಬೆರಳಿನಿಂದ ಒಂದೊಂದಾಗಿ ಚಪ್ಪಟೆ ಮಾಡಿದ. ಕೂಗಬೇಡ, ಲಿಫ್ಟು ಜಾರುವ ಕಂಬಿಗೆ ಸ್ಪ್ಯಾನರಿನಿಂದ ಎರಡು ಸಲ ಬಡಿ ಎಂದು ತಾನೇ ಹೊಸ ಪದ್ಧತಿ ಮಾಡಿದ್ದಾಗಿ ಹೇಳಿದ. ಕಂಬಿಯ ಮೇಲೆ ಕೈ ಇಟ್ಟುಕೊಂಡಿದ್ದರೆ ಬಡಿತ ತಿಳಿಯುತ್ತದೆ. ಕೂಗಾಟದಿಂದ ಕಟ್ಟಡದವರಿಗೆ ತೊಂದರೆಯಾಗದಿರಲಿ ಎಂದು ಮೇಸ್ತ್ರಿ ಹೀಗೆ ಮಾಡಿದ್ದಾನೆ ಎಂದು ದಪ್ಪಣ್ಣ ನಂಬಿದ್ದ. ಹೋದ ತಿಂಗಳು ಒಂದು ದಿನ ದಪ್ಪಣ್ಣನ ಸ್ಪ್ಯಾನರು ಕೈಜಾರಿ ಬಿತ್ತು. ಅವನು ಕೂಗಿದ. ಲಿಫ್ಟು ಇನ್ನೊಂದು ಗೇಣು ಕೆಳಗೆ ಇಳಿದ ಮೇಲೆ, ಅವನು ಕಾಲಿನಿಂದ ಕಂಬಿಗೆ ಒದ್ದ ಮೇಲೆ, ಮೇಸ್ತ್ರಿ ನಿಲ್ಲಿಸಿದ.

"ಮೇಲೆ ಬಂದು ನಗ್ತಾ ಇದ್ದ. ಇನ್ನೂ ಒಂಚೂರು ತೆಳ್ಳಗಾಗ್ತಿದ್ದೆ ಅಂದ," ಎಂದ ಮೇಸ್ತ್ರಿ. "ನಾನೂ ನಕ್ಕೆ."

ಹೆಂಡತಿ ಮೊದಲು ಚೇತರಿಸಿಕೊಂಡಳು. ಕಿವಿಗೆ ಮಿಷನ್ನು ಹಾಕಿಸಿಕೊಳ್ಳೋಣ, ಕೂದಲು ಉದ್ದ ಬಿಟ್ಟರೆ ಕಾಣುವುದಿಲ್ಲ, ಕಂಪನಿಗೆ ಹೇಳುವುದು ಬೇಡ, ಹೇಳಿದರೆ ನಾಳೆಯೇ ಮನೆಗೆ ಕಳಿಸುತ್ತಾರೆ ಎಂದಳು. ಮಗಳು ಹೇಳಲೇಬೇಕು ಎಂದಳು. ತಾಯಿ ಮಗಳಿಗೆ ಹತ್ತಿಕೊಂಡಿತು. ಆರು ವರ್ಷ ಈ ಮನೆಯನ್ನು ನಿನ್ನ ಕೌಂಟರಿನ ಸಂಬಳದಲ್ಲಿ ನಡೆಸುತ್ತೀಯಾ ಎಂದು ಒಬ್ಬಳು, ದಪ್ಪಣ್ಣನ ಹೆಂಡತಿಗೆ ಏನು ಹೇಳುತ್ತೀಯ ಎಂದು ಇನ್ನೊಬ್ಬಳು. ಅವರು ಪರಸ್ಪರ ಮುಖ ನೋಡಿಕೊಂಡು ಜಗಳವಾಡುತ್ತಿದ್ದುದರಿಂದ ಮೇಸ್ತ್ರಿಗೆ ಪೂರ್ತಿ ತಿಳಿಯಲಿಲ್ಲ. ಅವನು ತಾಯಿಯ ಕಡೆ ತಿರುಗಿದ.

"ಗಿರಣೀಲಿ ನೀವು ಮುಚ್ಚಿಡ್ತಿದ್ರಾ ಅಮ್ಮ?"

"ಯಾರಿಂದ ಮುಚ್ಚಿಡೋದು ಮಗಾ. ಅಲ್ಲಿ ಯಾರಿಗೂ ಕೇಳ್ತಿರಲಿಲ್ಲ. ನಮ್ಮ ಬಾಯಿ ತಪ್ಪಾಗಿ ಓದಿದ್ರೆ ನೂಲು ಹರೀತಿತ್ತು, ಅಷ್ಟೇ. ಕೆಳಗೆ ಮನುಷ್ಯ ಇರ್ತಿರಲಿಲ್ಲ."

ಮೇಸ್ತ್ರಿ ಸೋಮವಾರ ಬೆನ್ನುನೋವು ಎಂದು ರಜೆ ಹಾಕಿದ. ಆ ವಾರ ಮನೆ ವಿಚಿತ್ರವಾಗಿ ನಿಧಾನವಾಯಿತು. ಹೆಂಡತಿ ವ್ಯಾನು ಬಿಟ್ಟು ಬಂದ ಮೇಲೆ ಇಬ್ಬರೂ ಕಿವಿ ಪರೀಕ್ಷೆಗೆ ಹೋದರು. ಗಾಜಿನ ಸಣ್ಣ ಕೋಣೆಯಲ್ಲಿ ಅವನನ್ನು ಕೂರಿಸಿ, ಸದ್ದು ಕೇಳಿದಾಗೆಲ್ಲ ಬಟನ್ನು ಒತ್ತಬೇಕೆಂದರು. ಅವನು ಕೂತ. ಮೊದಮೊದಲು ಒತ್ತಿದ, ಆಮೇಲೆ ಒತ್ತಲು ಏನೂ ಬರಲಿಲ್ಲ. ಗಾಜಿನ ಆಚೆ ಪರೀಕ್ಷೆಯವಳ ಬೆರಳು ಗುಂಡಿಗಳನ್ನು ತಿರುಗಿಸುತ್ತಿದ್ದುದು ಕಾಣುತ್ತಿತ್ತು. ಒಳಗೆ ಹತ್ತಿ ತುಂಬಿದ ಹಾಗಿನ ಮೆತ್ತನೆಯ ಮೌನ. ಅದರಲ್ಲಿ ಕೂತಿರುವುದು ಹಿತವಾಗಿಯೇ ಇತ್ತು, ಅದೇ ಅವನನ್ನು ಹೆದರಿಸಿತು ಎಂದು ಆಮೇಲೆ ಹೆಂಡತಿಗೆ ಹೇಳಿದ. ಹೆಂಡತಿ ಗಾಜಿನ ಆಚೆ ನಿಂತು ಹೊರಗಿನ ಸ್ಪೀಕರಿನಲ್ಲಿ ಪ್ರತಿಯೊಂದು ಸದ್ದನ್ನೂ ಕೇಳುತ್ತಿದ್ದಳು. ಬಟನ್ನು ಒತ್ತದ ಅವನ ಬೆರಳನ್ನೇ ನೋಡುತ್ತ ಅವಳು ಅತ್ತಳು. ಮನೆಗೆ ಬರುವಾಗ ವ್ಯಾನನ್ನು ಬದಿಗೆ ನಿಲ್ಲಿಸಿ, ಅವನ ಕಡೆ ಪೂರ್ತಿ ತಿರುಗಿ, ಕತ್ತಲೆಯಲ್ಲಿ ಹೇಳಿ ಉತ್ತರ ಸಿಗದ ಮಾತುಗಳಲ್ಲಿ ನೆನಪಿದ್ದದ್ದನ್ನೆಲ್ಲ ಹೇಳಿದಳು. ಒಂದು ಗಂಟೆ ಹಿಡಿಯಿತು. ಆ ದಿನ ಸಂಜೆ ಅವನೇ ಅವಳ ಭುಜಕ್ಕೆ ಎಣ್ಣೆ ಹಚ್ಚಿದ. ಕಂಪನಿಗೆ ಹೇಳುವುದು ಬೇಡ ಎಂಬ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಗುರುವಾರ ಅವನು ಮಗಳನ್ನು ಕರೆದು ಹೊಸ ಓಪನರ್ ತರಲು ಹೇಳಿದ.

"ಹಳೇದರ ಅಚ್ಚಿಗೆ ಹೊಸ ಬುಷ್ ಬಳೆ ಹಾಕಿದ್ರೆ ಸಾಕು, ಕೀರಲು ಹೋಗುತ್ತೆ ಅಂತ ಅಂಗಡಿ ಮಾಲೀಕರು ಹೇಳಿದ್ರು ಅಪ್ಪ. ನಿನ್ನ ಕೈಲೇ ಆಗುತ್ತೆ."

"ಹಾಕ್ದೆ ಅಂತ ಇಟ್ಕೋ. ಸದ್ದು ಹೋಯ್ತೋ ಇಲ್ವೋ ಅಂತ ಯಾರನ್ನ ಕೇಳ್ಲಿ? ನನಗೆ ಕೇಳದೇ ಇರೋದನ್ನ ನಾನು ರಿಪೇರಿ ಮಾಡೋದು ಬೇಡ."

ಹಾಕುವುದಕ್ಕೆ ಅಂಗಡಿಯ ಜನ ಬೇಡ, ದಪ್ಪಣ್ಣನನ್ನು ಊಟಕ್ಕೆ ಕರೆಯುತ್ತೇನೆ, ಇಬ್ಬರೂ ಸೇರಿ ಹಾಕುತ್ತೇವೆ ಎಂದ. ಅವನಿಗೆ ಮೊದಲು ಹೇಳಬೇಕು, ಸೋಮವಾರ ಕಂಪನಿಗೆ. ಕಂಪನಿ ಸ್ಟೋರಿನಲ್ಲಿ ಕೂರಿಸುತ್ತದೋ ಮನೆಗೆ ಕಳಿಸುತ್ತದೋ ಗೊತ್ತಿಲ್ಲ. ಅದಕ್ಕೆ ಅವನು ಅಷ್ಟು ಹೆದರಿರಲಿಲ್ಲ. ಹದಿನೆಂಟು ವರ್ಷ ತನ್ನನ್ನು ನಂಬಿ ಗುಂಡಿಗೆ ಇಳಿದವನ ಮುಖ ನೋಡುವುದೇ ಅವನಿಗೆ ಕಷ್ಟವಾಗಿದ್ದದ್ದು.

ದಪ್ಪಣ್ಣ ಭಾನುವಾರ ಹತ್ತು ಗಂಟೆಗೆ ಬಂದ, ಬೆನ್ನುನೋವಿನವನಿಗೆಂದು ಒಂದು ಚೀಲ ಕಿತ್ತಳೆ ಹಣ್ಣು ಹಿಡಿದುಕೊಂಡು. ಅಜ್ಜಿಯ ಕಾಲುನೋವು ಹೇಗಿದೆ ಎಂದು ವಿಚಾರಿಸಿದ, ಮಗಳನ್ನು ಮದುವೆ ಯಾವಾಗ ಎಂದು ರೇಗಿಸಿದ, ಅಡುಗೆಮನೆಯ ವಾಸನೆ ಹಿಡಿದು ಎರಡು ಸಲ ಇಣುಕಿದ. ಹಳೆಯ ಪೆಟ್ಟಿಗೆಯನ್ನು ಇಳಿಸಿ ಗೋಡೆಗೆ ಒರಗಿಸಿದರು. ಹೊಸ ಹಳಿ, ಬೆಲ್ಟು, ಮೋಟಾರು ಮೇಲೆ ಹೋದವು. ಇಬ್ಬರ ಕೈಗಳಿಗೂ ಪರಸ್ಪರ ಪರಿಚಯವಿತ್ತು. ಒಬ್ಬ ಕೈ ಚಾಚುವ ಮೊದಲೇ ಇನ್ನೊಬ್ಬ ಸ್ಪ್ಯಾನರು ಕೊಡುತ್ತಿದ್ದ. ಹೆಂಡತಿ, ಮಗಳು, ಅಜ್ಜಿ ಮೂವರೂ ಏನೇನೋ ನೆಪ ಮಾಡಿಕೊಂಡು ಗ್ಯಾರೇಜಿನಲ್ಲೇ ಇದ್ದರು. ಮೇಸ್ತ್ರಿ ಎರಡು ಸಲ ಬಾಯಿ ತೆರೆದ, ಎರಡು ಸಲವೂ ಅಳತೆಯ ಮಾತಾಡಿ ಮುಚ್ಚಿದ.

ಕೊನೆಗೆ ದಪ್ಪಣ್ಣ ಏಣಿಯ ತುದಿಯಲ್ಲಿ ನಿಂತು, ಮುಖವನ್ನು ಚಾವಣಿಗೆ ಕೊಟ್ಟು, ಬೆಲ್ಟಿನ ಬಿಗಿ ನೋಡುತ್ತಿದ್ದ. ಮೇಸ್ತ್ರಿ ಸ್ವಿಚ್ಚಿನ ಹತ್ತಿರ ನಿಂತಿದ್ದ.

"ಹಾಕು," ಎಂದ ದಪ್ಪಣ್ಣ.

ಮೇಸ್ತ್ರಿ ಅಲುಗಲಿಲ್ಲ. ದಪ್ಪಣ್ಣ ಇನ್ನೊಂದು ಸಲ ಹಾಕು ಎಂದ. ಹೆಂಡತಿ ಗಂಡನಿಗೆ ಸನ್ನೆ ಮಾಡಲು ಕೈ ಎತ್ತಿದಳು. ಅಜ್ಜಿ ಆ ಕೈಯನ್ನು ಹಿಡಿದು ತನ್ನ ಮಡಿಲಲ್ಲಿಟ್ಟುಕೊಂಡಳು. ಮೇಸ್ತ್ರಿ ಅದನ್ನು ನೋಡಿದ. ಸ್ವಿಚ್ಚು ಬಿಟ್ಟು ಏಣಿಯ ಹತ್ತಿರ ಹೋಗಿ, ದಪ್ಪಣ್ಣನ ಮೊಣಕಾಲು ತಟ್ಟಿದ.

"ನೀನು ಹೇಳಿದ್ದು ನನಗೆ ಕೇಳ್ಲಿಲ್ಲ."

"ಹಾಕು ಅಂದೆ."

"ಇವತ್ತಲ್ಲ ಕಣೋ. ಎರಡು ವರ್ಷದಿಂದ ಕೇಳಲ್ಲ. ಆವತ್ತು ನೀನು ಕೂಗಿದ್ದೂ ಕೇಳಿರಲಿಲ್ಲ."

ದಪ್ಪಣ್ಣ ಮೇಲಿನಿಂದ ಅವನನ್ನು ನೋಡಿದ. ಆಮೇಲೆ ಒಂದೊಂದೇ ಮೆಟ್ಟಿಲಾಗಿ ಕೆಳಗೆ ಬಂದ. ಅವನ ಮುಖದಲ್ಲಿದ್ದ ನಗು ಇಳಿದದ್ದು ಕೊನೆಯ ಮೆಟ್ಟಿಲಿನಲ್ಲಿ.

"ಎರಡು ವರ್ಷ ನಾನು ಆ ಗುಂಡೀಲಿ ನಿಂತಿದ್ದೆ," ಎಂದ.

"ಹೌದು."

ದಪ್ಪಣ್ಣ ಸ್ಪ್ಯಾನರನ್ನು ನೆಲದ ಮೇಲಿಟ್ಟು, ತೆರೆದಿದ್ದ ಬಾಗಿಲಿನ ಅಂಚಿಗೆ ಹೋಗಿ, ಎಲ್ಲರಿಗೂ ಬೆನ್ನು ಮಾಡಿ, ಬೀದಿಯ ಕಡೆ ಮುಖ ಮಾಡಿ ನಿಂತ. ನಿಂತು ಬೈಯತೊಡಗಿದ. ನನಗೂ ಹೆಂಡತಿ ಮಕ್ಕಳಿದ್ದಾರೆ ಎಂದ. ಒಂದು ಮಾತು ಹೇಳಿದ್ದರೆ ನಾನೇ ಮೇಲೆ ನಿಲ್ಲುತ್ತಿರಲಿಲ್ಲವೇ, ನಿನ್ನ ಕಿವಿಗೆ ನನ್ನ ಕಿವಿ ಕೊಡುತ್ತಿರಲಿಲ್ಲವೇ ಎಂದ. ಬೇರೆ ಯಾರ ಜೋಡಿಯಲ್ಲೂ ನಾನು ಆ ಗುಂಡಿಗೆ ಇಳಿದವನಲ್ಲ ಎಂದ. ಹೆಂಗಸರ ಮುಂದೆ ಆಡಬಾರದ ಬೈಗುಳಗಳೂ ಬಂದವು. ಕಿತ್ತಳೆ ಹಣ್ಣಿನ ಮಾತೂ ಬಂತು. ದನಿ ನಡುವೆ ಒಡೆಯಿತು, ಮತ್ತೆ ಏರಿತು. ಮೂವರು ಹೆಂಗಸರಲ್ಲಿ ಇಬ್ಬರಿಗೆ ಎಲ್ಲ ಕೇಳುತ್ತಿತ್ತು. ಮೇಸ್ತ್ರಿಗೆ ಕಾಣುತ್ತಿದ್ದದ್ದು ಏರಿಳಿಯುವ ಎರಡು ಭುಜ, ಅಂಗಿಯ ಬೆನ್ನಿನ ಬೆವರು, ಅದರಾಚೆ ಬಿಸಿಲಿನ ಬೀದಿ. ಮಗಳು ಅವನ ಹತ್ತಿರ ಬಂದು, ಏನು ಹೇಳುತ್ತಿದ್ದಾರೆ ಎಂದು ಹೇಳಲೇ ಎಂಬ ಹಾಗೆ ಮುಖ ನೋಡಿದಳು. ಅವನು ಬೇಡವೆಂದು ತಲೆಯಾಡಿಸಿದ.

ದಪ್ಪಣ್ಣ ಮುಗಿಸಿ ಉತ್ತರಕ್ಕೆ ಕಾದ. ಉತ್ತರ ಬರಲಿಲ್ಲ. ಇನ್ನೊಂದಿಷ್ಟು ಕಾದು, ಅದಕ್ಕೂ ಸೇರಿಸಿ ಬೈಯಲೆಂದು ತಿರುಗಿದವನು, ತನ್ನ ಬೆನ್ನಿದ್ದ ಕಡೆಯನ್ನೇ ನೋಡುತ್ತ ನಿಂತಿದ್ದ ಮೇಸ್ತ್ರಿಯನ್ನು ಕಂಡ. ತೋಳಿನಿಂದ ಮುಖ ಒರೆಸಿಕೊಂಡು ಒಳಗೆ ಬಂದು, ಮೇಸ್ತ್ರಿಯ ಎದುರಿಗೆ ಒಂದು ಮಾರು ದೂರದಲ್ಲಿ ನಿಂತ.

"ಎಲ್ಲಿಂದ ಕೇಳ್ಲಿಲ್ಲ ನಿನಗೆ?"

"ಮೊದಲಿಂದ."

ದಪ್ಪಣ್ಣ ಗಂಟಲು ಸರಿ ಮಾಡಿಕೊಂಡ. ಮೊದಲಿನಿಂದ ಶುರುಮಾಡಿ, ಒಂದೊಂದು ಬೈಗುಳವನ್ನೂ ಬಿಡಿಸಿ ಬಿಡಿಸಿ, ಒಂದನ್ನೂ ಬಿಡದೆ, ಎಲ್ಲವನ್ನೂ ಅವನ ಮುಖಕ್ಕೆ ಮತ್ತೊಮ್ಮೆ ಹೇಳಿದ. ಮುಗಿಯುವ ತನಕ ಮೇಸ್ತ್ರಿ ಅವನ ಬಾಯಿಂದ ಕಣ್ಣು ತೆಗೆಯಲಿಲ್ಲ.